ದೇವರ ಮುಖ ತೋರಿಸು

ಚರ್ಚಿನಲ್ಲಿ ಭಾನುವಾರದ ಪೂಜೆ ಇನ್ನೂ ಮುಗಿದಿರಲಿಲ್ಲ, ಅನುವಿನ ಕೋಟಿನ ಜೇಬಿನಲ್ಲಿ ಫೋನು ಗುರ್ರೆಂದಿತು. ಮೆಲ್ಲಗೆ ತೆಗೆದು ನೋಡಿದರೆ ಅತ್ತೆ ಸುನಂದಮ್ಮ, ಅದೂ ವಿಡಿಯೊ ಕಾಲ್. ಐರ್ಲೆಂಡಿನ ಆ ಪುಟ್ಟ ಊರಿನ ಜನರೆಲ್ಲ ತಲೆ ತಗ್ಗಿಸಿ ಕೂತಿದ್ದರು. ಅನು ಕಾಲ್ ಕಟ್ ಮಾಡಿ ಫೋನನ್ನು ಮತ್ತೆ ಜೇಬಿಗೆ ತುರುಕಿದಳು.

ಒಂದು ವಾರದಿಂದ ಅತ್ತೆ ಅವಳ ಜೊತೆ ಮಾತು ಬಿಟ್ಟಿದ್ದರು. ಕಾರಣ ಒಂದು ಫೋಟೊ. ಅನು ನರ್ಸಾಗಿ ನೋಡಿಕೊಳ್ಳುತ್ತಿದ್ದ ಮುದುಕಿ ನೋರಾಳ ಹುಟ್ಟುಹಬ್ಬದ ದಿನ, ಇದೇ ಚರ್ಚಿನಲ್ಲಿ ಅನು ಮೇಣದ ಬತ್ತಿ ಹಚ್ಚುವುದನ್ನು ಯಾರೋ ತೆಗೆದಿದ್ದರು. ಚೆನ್ನಾಗಿ ಬಂದಿದೆಯಲ್ಲ ಎಂದು ಅವಳು ಸ್ಟೇಟಸ್ಸಿಗೆ ಹಾಕಿದ್ದಳು. ಕೆ.ಆರ್. ನಗರದ ಪಕ್ಕದ ಅವಳ ಗಂಡನ ಊರಿನಲ್ಲಿ ಮೂಲೆಮನೆ ಗಂಗಾಧರಪ್ಪನ ಕಣ್ಣಿಗೆ ಅದು ಬಿತ್ತು. ಬಾಯಿಗೆ ಬೀಗವಿಲ್ಲದ ಮನುಷ್ಯ. ಮನೆ ಬಾಗಿಲಿಗೇ ಬಂದು, "ನಿಮ್ ಸೊಸೆ ಅಲ್ಲೋಗಿ ಚರ್ಚ್ ಸೇರ್ಕಂಡವ್ಳೆ ಕಣಕ್ಕೋ" ಎಂದು ಊದಿಬಿಟ್ಟ. ಸುನಂದಮ್ಮ ಒಂದೇ ಮಾತು ಹೇಳಿ ಒಳಗೆ ಹೋದರಂತೆ: "ಗುರ್ತಿಲ್ಲದ ದೇವ್ರ ತಾವ್ಕೆ ಮಗೀನ ಕಳಿಸಾಕಿಲ್ಲ."

ಗಂಡ ಯತೀಶ್, ಆರು ವರ್ಷದ ಚಿನ್ನು, ಇಬ್ಬರಿಗೂ ವೀಸಾ ಬಂದಾಗಿತ್ತು. ಯತೀಶ್ ಒಳ್ಳೆಯವನೇ, ಆದರೆ ಅವ್ವ ಹಾಕಿದ ಗೆರೆ ದಾಟುವವನಲ್ಲ. ಮಗಳ ಮುಖವನ್ನು ಬರೀ ಫೋನಿನಲ್ಲಿ ನೋಡಿ ನೋಡಿ ಅನುವಿಗೆ ಸಾಕಾಗಿಹೋಗಿತ್ತು. ಕಂಡದ್ದನ್ನೆಲ್ಲ ಸ್ಟೇಟಸ್ಸಿಗೆ ಹಾಕುವ ತನ್ನ ಬುದ್ಧಿಯನ್ನು ವಾರವಿಡೀ ಬೈದುಕೊಂಡಿದ್ದಳು.

ಹಾಗೆ ನೋಡಿದರೆ ಅವಳು ಚರ್ಚಿಗೆ ಬರುತ್ತಿದ್ದುದೇ ನೋರಾಳ ಗಾಲಿಕುರ್ಚಿ ತಳ್ಳಿಕೊಂಡು. ಮೊದಮೊದಲು ಹಿಂದಿನ ಸಾಲಿನಲ್ಲಿ ನೆಲ ನೋಡುತ್ತ ಕೂರುತ್ತಿದ್ದಳು. ಬರಬರುತ್ತ, ಎಲ್ಲರೂ ಕಣ್ಣು ಮುಚ್ಚಿದಾಗ ತಾನೂ ಮುಚ್ಚತೊಡಗಿದಳು. ಮುಚ್ಚಿದ ಕಣ್ಣೊಳಗೆ ಬರುತ್ತಿದ್ದವನು ಮಾತ್ರ ಮನೆದೇವರು ಮಾದಪ್ಪನೇ. 'ಚಿನ್ನೂನ ನನ್ನ ಹತ್ರ ಸೇರಿಸಪ್ಪಾ' ಎಂದು ಅವನನ್ನೇ ಕೇಳುತ್ತಿದ್ದಳು. ಯಾರ ಮನೆಯಲ್ಲಿ ಕೂತು ಯಾರನ್ನು ಬೇಡುತ್ತಿದ್ದೇನೆ ಎಂದು ಅಳುಕೂ ಆಗುತ್ತಿತ್ತು. ಆದರೆ ಈ ಮನೆಯ ಯಜಮಾನ ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ಎದ್ದು ಹೋಗುವಾಗ ಮನಸ್ಸು ಹಗುರಾಗಿಯೇ ಇರುತ್ತಿತ್ತು.

ಜನ ಹೊರಟ ಮೇಲೆ ನೋರಾಳ ಕುರ್ಚಿಯನ್ನು ಬಾಗಿಲ ಬಳಿ ನಿಲ್ಲಿಸಿ, ಅನು ತಾನೇ ಫೋನ್ ಮಾಡಿದಳು.

"ಎಲ್ಲಿದ್ದೀಯೇ?" ಅತ್ತೆಯ ಮುಖ ಪರದೆಯ ತುಂಬ ಇತ್ತು.

ಸುಳ್ಳು ಹೇಳೋಣವೆಂದು ಬಾಯಿ ತೆರೆದಳು. ಆಗಲಿಲ್ಲ. "ಚರ್ಚಲ್ಲಿ ಕಣತ್ತೆ."

"ಅದ್ಯಾವ ದೇವ್ರು? ಮಕ ತೋರ್ಸು. ನಾನೂ ವಸಿ ನೋಡ್ಬೇಕು."

"ಅತ್ತೆ, ನಾನೇನೂ ನಮ್ ದೇವ್ರನ್ನ ಬಿಟ್ಟಿಲ್ಲ..."

"ಅದ ಆಮ್ಯಾಕೆ ಯೋಳೀವಂತೆ. ಮೊದ್ಲು ತೋರ್ಸು."

ಬೈಸಿಕೊಳ್ಳುವುದು ಹೇಗೂ ಇದ್ದೇ ಇದೆ ಎಂದುಕೊಂಡು ಅನು ಕ್ಯಾಮೆರಾ ತಿರುಗಿಸಿದಳು. ಎದುರಿನ ದೊಡ್ಡ ಶಿಲುಬೆಯ ಕಡೆ ಅವಸರದಲ್ಲಿ ಹಿಡಿಯಹೋದ ಫೋನು ಪಕ್ಕದ ಗೋಡೆಯತ್ತ ವಾಲಿತು.

"ಅಲ್ಲೇ ನಿಲ್ಸು! ಅಲ್ಲಾಡಿಸ್ಬ್ಯಾಡ!"

ಗೋಡೆಯ ಗೂಡಿನಲ್ಲಿ ಒಬ್ಬ ಸಂತ ನಿಂತಿದ್ದ. ಕಂದು ನಿಲುವಂಗಿ, ಸೊಂಟಕ್ಕೆ ಹಗ್ಗ, ಬೋಳು ನೆತ್ತಿ, ತೋಳಿನಲ್ಲೊಂದು ಮಗು. ಇಷ್ಟು ದಿನ ಬಂದು ಹೋಗಿದ್ದರೂ ಅನು ಅವನನ್ನು ಸರಿಯಾಗಿ ನೋಡಿರಲಿಲ್ಲ.

"ಅಯ್ಯೋ ನನ್ನಪ್ಪನೇ! ದೋರನಹಳ್ಳಿ ಅಂತೋಣಪ್ಪ ಅಲ್ವೇನೇ ಇವ್ನು! ಅಲ್ಗಂಟ ಯಾವಾಗ ಬಂದ?"

ಅನು ದೂರದ ಅಂತರಸಂತೆ ಕಡೆಯ ಹೆಣ್ಣು, ದೋರನಹಳ್ಳಿಯನ್ನು ಕಂಡವಳಲ್ಲ. ಮಂಡಿ ನೋವು ಬರುವ ಮುಂಚೆ ಅತ್ತೆ ಮಂಗಳವಾರಗಳಂದು ಬಸ್ಸು ಹತ್ತಿ ದೋರನಹಳ್ಳಿಗೆ ಹೋಗುತ್ತಿದ್ದರೆಂದು ಕೇಳಿದ್ದಳು. ಅಂತೋಣಪ್ಪ ಎಂದರೆ ಆ ಕಡೆಯ ಯಾವುದೋ ಹೊಲದ ದೇವರಿರಬೇಕೆಂದು ತಿಳಿದಿದ್ದಳೇ ಹೊರತು ಚರ್ಚಿನ ಸಂತನೆಂದು ಅವಳಿಗೆ ಹೊಳೆದಿರಲಿಲ್ಲ.

"ನಿನ್ ಗಂಡ ಕೈಕೂಸಾಗಿದ್ದಾಗ ಜರ ಬಂದು ಕಣ್ಣು ಮೇಲ್ಕ್ ಮಾಡ್ಕಂಡಿದ್ದ ಕಣೇ," ಸುನಂದಮ್ಮನ ದನಿ ಒದ್ದೆಯಾಗಿತ್ತು. "ಒತ್ಕಂಡೋಗಿ ಇವ್ನ ಪಾದದ ತಾವೇ ಮಲಗಿಸ್ದೆ. ಬೆಳಗಾಗೋ ಒತ್ಗೆ ಕೂಸು ಹಾಲು ಕುಡೀತು."

"ಹಂಗಾದ್ರೆ ಅದೂ ಚರ್ಚೇ ಅಲ್ವಾ ಅತ್ತೆ?"

"ಚರ್ಚೂ ಇಲ್ಲ ಗಿರ್ಚೂ ಇಲ್ಲ. ಅದು ದೋರನಹಳ್ಳಿ." ಅತ್ತೆ ಮೂಗು ಒರೆಸಿಕೊಂಡರು. "ಯಾರೋ ಏನೋ ಅಂತ ಎದ್ರುಕಂಡಿದ್ದೆ. ಮಗೀನ ಎತ್ಕಂಡಿರೋನೇ ಅಲ್ಲಿ ಅವ್ನೆ ಅಂದ್ಮೇಲೆ ನಂಗ್ಯಾವ ಭಯ? ಕಳಿಸ್ತೀನಿ ಬುಡು ಚಿನ್ನೂನ."

ಅನು ಅಲ್ಲೇ ಬೆಂಚಿನ ಮೇಲೆ ಕೂತಳು. ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು.

"ಏನಾಯಿತು ಮಗಳೇ?" ನೋರಾ ಕುರ್ಚಿಯಲ್ಲೇ ತಿರುಗಿ ಕೇಳಿದಳು.

"ನಮ್ಮತ್ತೆಗೆ ಈ ಸಂತರ ಪರಿಚಯವಂತೆ," ಎಂದಳು ಅನು, ಕಣ್ಣೊರೆಸಿಕೊಳ್ಳುತ್ತ.

"ವಸಿ ಅವ್ನ ಅತ್ರಕ್ಕೆ ಕರ್ಕಂಡೋಗೇ ನನ್ನ," ಫೋನಿನೊಳಗಿಂದ ಅಪ್ಪಣೆಯಾಯಿತು. ಅನು ಎದ್ದು ಹೋಗಿ ಫೋನನ್ನು ಸಂತನ ಮುಂದೆ ಹಿಡಿದಳು. ಸುನಂದಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈ ಮುಗಿದರು.

"ಅಪ್ಪಾ, ನನ್ ಮೊಮ್ಮಗ್ಳು ಬತ್ತಾವ್ಳೆ, ನೋಡ್ಕೋ. ಆ ಸೀಮೇಲಿ ಬಲು ಚಳಿಯಂತೆ." ಅಷ್ಟು ಹೇಳಿ ಆ ಬೋಳು ನೆತ್ತಿಯನ್ನೇ ದಿಟ್ಟಿಸಿ ನೋಡಿದರು. ಆಮೇಲೆ ದನಿ ತಗ್ಗಿಸಿ ಅಂದರು: "ಅವ್ಳ ಕೈಲಿ ನಿಂಗೂ ಒಂದು ಉಲ್ಲನ್ ಟೋಪಿ ಕಳಿಸ್ತೀನಿ, ಆಕ್ಕೋ."