ಪುಟ್ಟತಾಯಿ ಕೂತಿದ್ದು

ಮುಗಿದ ಧಾರಾವಾಹಿಗಳ ಪಾತ್ರಗಳು ಪರೀಕ್ಷೆಗೆ ಮುಂಚೆ ನಮ್ಮ ಮಾಧ್ಯಮ ಅಧ್ಯಯನದ ತರಗತಿಗೆ ಬಂದು ನಿಲ್ಲುವುದು ವಾಡಿಕೆ. ಈ ಸಲ ಬಂದವಳು ಪುಟ್ಟತಾಯಿ. ಹನ್ನೊಂದು ವರ್ಷ ಧಾರಾವಾಹಿಯ ದೊಡ್ಡ ಮನೆಯಲ್ಲಿ ಕಾಫಿ ಹಂಚಿದ ಕೆಲಸದಾಕೆ. ಕಾಫಿ ಲೋಟದ ಟ್ರೇ ಈಗಲೂ ಕೈಯಲ್ಲಿತ್ತು.

"ಮನೆಗೆಲಸದವರ ಚಿತ್ರಣ. ಹತ್ತು ಅಂಕದ್ದು, ಬಂದೇ ಬರುತ್ತೆ. ನೋಡಿ ಬರೀರಿ," ಎಂದು ಹುಡುಗಿಯರಿಗೆ ಹೇಳಿ, ನಾನು ಆಕೆಗೆ ಕುರ್ಚಿ ತೋರಿಸಿದೆ.

"ಆಗಾಕಿಲ್ಲ ಮೇಡಮ್ಮೋರೆ. ನಾನು ಕೂತ್ಕಂಡಂಗೆ ಯಾರೂ ಬರೆದಿಲ್ಲ."

ಯಾರಾದರೂ ಬರೆದಷ್ಟನ್ನೇ ಪಾತ್ರಗಳು ಮಾಡಬಲ್ಲವು, ಅದು ಹೊಸದೇನಲ್ಲ. ನಾನು ಒತ್ತಾಯಿಸಲಿಲ್ಲ.

ಮೂರನೇ ಬೆಂಚಿನ ಶಿವಲೀಲಾಳ ತಾಯಿ ನಾಲ್ಕು ಮನೆಯ ಕಸಮುಸುರೆ ಮಾಡುತ್ತಾಳೆ. ಅವಳು ಹಾಳೆ ತುಂಬ ನಾನು ಹೇಳಿಕೊಟ್ಟ ಅಂಶಗಳನ್ನೇ ಬರೆದಳು. ಕೊನೆಗೆ ತಳದಲ್ಲಿ ಉಳಿದಿದ್ದ ಚೂರು ಜಾಗದಲ್ಲಿ ಒಂದು ಸಾಲು ಸೇರಿಸಿದಳು: ಪುಟ್ಟತಾಯಿ ಕೂತಳು.

ಪುಟ್ಟತಾಯಿಯ ಮೊಣಕಾಲು ಮೆಲ್ಲಗೆ ಮಡಚಿಕೊಂಡಿತು. ಕಿಟಕಿಯ ಬಿಸಿಲಲ್ಲಿ ಕೂತು, ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲ ಸಲ ಲೋಟದೊಳಗೆ ಇಣುಕಿದಳು.

"ಅಯ್ಯೋ, ಖಾಲಿ ಕಣವ್ವ! ಇಷ್ಟು ವರ್ಷ ಹೊತ್ತಿದ್ದು ಬರೀ ಲೋಟನಾ?"

ಆ ಸಾಲಿಗೆ ಅಂಕ ಬರುವುದಿಲ್ಲ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶಿವಲೀಲಾ ಎದ್ದು ನಿಂತಿದ್ದಳು.

"ಮೇಡಂ, ಇನ್ನೊಂದು ಹಾಳೆ ಕೊಡಿ."