ಮುಖಕ್ಕೆ ಸುತ್ತಿದ ಸ್ಕಾರ್ಫ್

"ಮೊಣಕಾಲು ನೋವು" ಎಂದು ಈರಮ್ಮ ಕೌಂಟರಿನ ಹುಡುಗಿಗೆ ಅರೆಬರೆ ಮರಾಠಿಯಲ್ಲಿ ಹೇಳಿದ್ದು ಕೇಳಿಸುತ್ತಲೇ ಮಂಜುಶ್ರೀ ಬೆಂಚಿನ ಮೂಲೆಗೆ ಮುದುಡಿಕೊಂಡಳು. ಮಹಾರಾಷ್ಟ್ರದ ಸಂಭಾಜಿನಗರದ ಬಿಸಿಲಿನಲ್ಲಿ ಸ್ಕೂಟಿ ಓಡಿಸುವ ಹೆಂಗಸರೆಲ್ಲ ಕಣ್ಣಷ್ಟೇ ಬಿಟ್ಟು ಮುಖಕ್ಕೆ ಸ್ಕಾರ್ಫ್ ಸುತ್ತುತ್ತಾರೆ. ಈ ಮನೋವೈದ್ಯರ ಆಸ್ಪತ್ರೆಗೆ ಬಂದಾಗಲೆಲ್ಲ, ಒಳಗೆ ಕೂತ ಮೇಲೂ ಮಂಜುಶ್ರೀ ಅದನ್ನು ಬಿಚ್ಚುತ್ತಿರಲಿಲ್ಲ. ಈ ಊರಿನಲ್ಲಿರುವ ಬೀದರ ಕಡೆಯ ಹೆಂಗಸರು ಸೇರುವ, ಅವಳೂ ಹೋಗುವ ಅಕ್ಕನ ಬಳಗದಲ್ಲಿ ವಚನ ಹೇಳಿಕೊಡುವವರೇ ಈರಮ್ಮ. ಅವರಿಗೆ ತಿಳಿದರೆ ಬಳಗಕ್ಕೆಲ್ಲ ತಿಳಿದಂತೆ.

"ಅದು ಕೆಳಗಿನ ಮಹಡಿಯಲ್ಲಿ, ಮಾವಶಿ" ಎಂದಳು ಹುಡುಗಿ. ಈರಮ್ಮ ತಲೆಯಾಡಿಸಿದರು, ಆದರೆ ಹೋಗಲಿಲ್ಲ. ಡಾಕ್ಟರ ಮುಚ್ಚಿದ ಬಾಗಿಲನ್ನೇ ನೋಡುತ್ತ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತರು. ಕೊನೆಗೆ ಮೆಟ್ಟಿಲ ಕಡೆ ತಿರುಗಿದರು.

ಮೊದಲ ಸಲ ಮಂಜುಶ್ರೀಯೂ ತಲೆನೋವೆಂದು ಸುಳ್ಳು ಹೇಳಿ ಹೀಗೆಯೇ ಇಳಿದು ಹೋಗಿದ್ದಳು. ಮತ್ತೆ ಹತ್ತಿ ಬರಲು ಇಡೀ ಒಂದು ಚಳಿಗಾಲ ಹಿಡಿದಿತ್ತು. ಅಂಥ ಚಳಿಗಾಲ ವೈರಿಗೂ ಬೇಡ.

ಅವಳು ಎದ್ದಳು. ಸ್ಕಾರ್ಫಿನ ಗಂಟು ಬಿಗಿದಿತ್ತು; ಎಳೆದು ಬಿಚ್ಚಿದಳು. "ಈರಮ್ಮಕ್ಕ, ನಿಂದರ್ರಿ!"

ಈರಮ್ಮ ತಿರುಗಿ, ಅವಳ ಬರಿಮುಖ ಕಂಡು ಬೆಚ್ಚಿದರು. "ನೀ ಇಲ್ಲಿ... ಯಾಕವ್ವ?"

"ನನಗೂ ಮನಸಿನ ತ್ರಾಸ ಅದರಿ. ಗುಳಿಗಿ ತಗೊಂಡೇ ಎದ್ದು ನಿಂತೀನಿ." ಎಲ್ಲರಿಗೂ ಕೇಳುವಂತೆಯೇ ಹೇಳಿ ಮಂಜುಶ್ರೀ ಅವರ ಕೈ ಹಿಡಿದಳು. "ಮೊಣಕಾಲಿನ ಡಾಕ್ಟ್ರು ಕೆಳಗ ಅದಾರ್ರಿ. ನಮ್ಮ ಡಾಕ್ಟ್ರು ಇಲ್ಲೇ ಅದಾರ್ರಿ."