ಬಿಲ್ಲುಗಾರ ಸತ್ತ ಭಾನುವಾರ

ಉಪ್ಪಿಟ್ಟು ತಿಂಡಿಯೇ ಅಲ್ಲ ಎಂದು ಶಶಿರೇಖಾ ಹಿಂದೊಮ್ಮೆ ಆನ್‌ಲೈನಿನಲ್ಲಿ ಬರೆದಿದ್ದರಿಂದ ಆಸ್ಪತ್ರೆಯ ಕ್ಯಾಂಟೀನಿನವರು ಆ ಬೆಳಿಗ್ಗೆ ಅವಳಿಗೆ ಉಪ್ಪಿಟ್ಟು ಕೊಡಲಿಲ್ಲ. ಬರೆದ ಅಭಿಪ್ರಾಯಕ್ಕೆ ಸಹಿ ಹಾಕಿದ ಕಾಗದದಷ್ಟೇ ಬೆಲೆ. ಅವಳೂ ವಾದಿಸದೆ ಬ್ರೆಡ್ಡು ತಿಂದು, ಸತ್ತವರನ್ನು ಎಬ್ಬಿಸುವ ವಿಭಾಗದ ಸಾಲಿನಲ್ಲಿ ನಿಂತಳು. ಗಂಡ ಮುರಿಗೇಶ ತೀರಿಕೊಂಡು ಆರು ಗಂಟೆಯಾಗಿತ್ತು. ಹನ್ನೆರಡು ಗಂಟೆ ದಾಟುವುದರೊಳಗೆ ಬಂದರೆ ಎಬ್ಬಿಸಿ ಕಳಿಸುತ್ತಾರೆ.

ಗುಮಾಸ್ತ ಪರದೆ ನೋಡಿದ. "ಆಗಲ್ಲ ಮೇಡಂ. ಸತ್ತೋರನ್ನ ಮತ್ತೆ ಎಬ್ಬಿಸೋದು ಮೋಸ ಅಂತ ನಿಮ್ಮ ಯಜಮಾನ್ರೇ ಬರ್ದಿದಾರೆ."

"ಅಯ್ಯೋ, ಅದು ದಾಳದ ಆಟದ ಮಾತು ಕಣಪ್ಪಾ! ಟೇಬಲ್ ಸುತ್ತ ಕೂತು ಕತೆ ಕಟ್ಟಿ ಆಡ್ತೀವಲ್ಲ, ಅದರದ್ದು."

"ಆಟದ್ದು ಅಂತ ಎಲ್ಲೂ ಬರ್ದಿಲ್ವಲ್ಲ."

ಅವಳಿಗೆ ಆ ಭಾನುವಾರ ನೆನಪಾಯಿತು. ಆಟ ನಡೆಸಿದವಳು ಅವಳೇ. ದಾಳದಲ್ಲಿ ಒಂದು ಬಿದ್ದು, ಕತೆಯಲ್ಲಿ ಮುರಿಗೇಶನ ಪಾತ್ರವಾಗಿದ್ದ ಬಿಲ್ಲುಗಾರ ಸತ್ತಿದ್ದ. ಅವನನ್ನು ಎಬ್ಬಿಸಲೇಬೇಕು ಎಂದು ಗೆಳೆಯರೆಲ್ಲ ಆನ್‌ಲೈನಿನಲ್ಲಿ ಅವಳ ಮೇಲೆ ಮುಗಿಬಿದ್ದಾಗ, ಅವಳ ಪರವಾಗಿ ಬರೆದವನು ಮುರಿಗೇಶನೊಬ್ಬನೇ.

"ಆ ಮಾತು ಅಳಿಸೋಕಾಗಲ್ವಾ?" ಎಂದಳು.

"ಅಳಿಸ್ಬೋದು. ಆದ್ರೆ ಬರ್ದೋರೇ ಬಂದು ಅಳಿಸ್ಬೇಕು ಮೇಡಂ," ಎಂದು ಗುಮಾಸ್ತ ಮುಂದಿನವರನ್ನು ಕರೆದ.